ಮಹಾದೇವಿಯ ಅರ್ಜಿಯಲ್ಲಿ ನಾನು ಬರೆಯದೆ ಬಿಟ್ಟದ್ದು

ಕೊರೊನಾದ ಮಾಸ್ಕು ಜನರ ಮೂಗಿನಿಂದ ಗದ್ದಕ್ಕೆ, ಗದ್ದದಿಂದ ಜೇಬಿಗೆ ಇಳಿದ ವರ್ಷ ಅದು. ಆಷಾಢದ ಪ್ರಥಮೇಕಾದಶಿ. ಬೆಳಗಿನ ಬಸ್ಸಿಗೇ ರಾಯಚೂರಿಗೆ ಹೋಗಿ ಮಠದಲ್ಲಿ ಮುದ್ರೆ ಹಾಕಿಸಿಕೊಂಡು, ಹನ್ನೊಂದು ಗಂಟೆ ಹೊತ್ತಿಗೆ ರಾಜ್ಯದ ಗಡಿ ದಾಟಿ ಮಕ್ತಲ್‌ಗೆ ವಾಪಸು ಬಂದು ನನ್ನ ಜಾಗದಲ್ಲಿ ಕೂತಿದ್ದೆ. ಕಾದ ಮುದ್ರೆ ಒತ್ತಿಸಿಕೊಂಡ ತೋಳು ಚುರುಚುರು ಅನ್ನುತ್ತಿತ್ತು. ಹೊಟ್ಟೆಗೆ ಒಂದು ಹನಿ ನೀರು ಬಿದ್ದಿರಲಿಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆ ದಿನ ನಾನು ಮಾಡಿದ ತಪ್ಪಿಗೆ ಬಹಳ ದಿನ ಇದನ್ನೇ ನೆಪ ಹೇಳಿಕೊಂಡು ತಿರುಗಿದ್ದೇನೆ. ಉಪವಾಸ ಇದ್ದೆ, ತಲೆ ಓಡಲಿಲ್ಲ ಅಂತ. ಅದು ನೆಪ ಅಂತ ನನಗೇ ನಾನು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು.

ನನ್ನ ಜಾಗ ಅಂದರೆ ಸರ್ಕಾರಿ ಕಚೇರಿಯ ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗಿರುವ ಒಂದು ಮೇಜು, ಎರಡು ಕುರ್ಚಿ. ಅರ್ಜಿ ಬರೆಯುವುದು ನನ್ನ ಕೆಲಸ. ನಮ್ಮ ತಂದೆಯೂ ಇದೇ ಕೆಲಸ ಮಾಡಿದವರು. ನಿಜಾಮರ ಕಾಲದ ಉರ್ದುವಿನಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸಿದರು. ನಮ್ಮದು ದೇವಸ್ಥಾನದ ಪೂಜೆಯ ಮನೆತನ. ಅಣ್ಣ ಪೂಜೆ ಹಿಡಿದ, ನಾನು ಪೆನ್ನು ಹಿಡಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು. ಮೂರರಲ್ಲೂ ನಾಲಿಗೆ ಹೊರಳುತ್ತದೆ ಅಂತ ನನಗೆ ಒಳಗೊಳಗೇ ಜಂಬ. ಊರಿನವರು ನನ್ನನ್ನು ಅರ್ಜಿ ಆಚಾರ್ರು ಅಂತಲೇ ಕರೆಯುತ್ತಾರೆ.

ನನ್ನ ಅರ್ಜಿಗಳಿಗೆ ಒಂದು ಹೆಸರಿತ್ತು. ಬಂದವರು ಬೈಯುತ್ತ ಅಳುತ್ತ ಹೇಳಿದ್ದನ್ನು ನಾನು ನಯವಾಗಿ, ಸಾಹೇಬರಿಗೆ ಓದಲು ಹಿತವಾಗುವ ಹಾಗೆ ಬರೆಯುತ್ತಿದ್ದೆ. “ಅವನ ಕೈ ಸೇದಿ ಹೋಗ್ಲಿ” ಅಂತ ಬಂದವರು ಹೇಳಿದರೆ ನಾನು “ಸದರಿ ವ್ಯಕ್ತಿಯ ನಡವಳಿಕೆಯಿಂದ ಮನನೊಂದು” ಅಂತ ಬರೆಯುವವನು. ಮನೆ ಜಗಳದ ಅರ್ಜಿಯಾದರೆ ಕೊನೆಗೆ ಒಂದು ಸಾಲು ತಪ್ಪದೆ ಇರುತ್ತಿತ್ತು. “ಹಿರಿಯರು ಕೂಡಿಸಿ ಬುದ್ಧಿ ಹೇಳಿದಲ್ಲಿ ರಾಜಿಯಾಗಿ ಬಾಳಲು ಸಿದ್ಧಳಿದ್ದೇನೆ.” ಅದು ನಮ್ಮ ತಂದೆಯ ಕಾಲದ ಸಾಲು. ಉರ್ದುವಿನಲ್ಲಿ ಇನ್ನೂ ಚೆನ್ನಾಗಿರುತ್ತಿತ್ತು ಅನ್ನುತ್ತಿದ್ದರು. ಆ ಸಾಲಿನಿಂದ ಎಷ್ಟೋ ಮನೆಗಳು ಒಡೆಯದೆ ಉಳಿದಿವೆ ಅಂತ ನಾನು ನಂಬಿದ್ದೆ. ಯಾರಾದರೂ ಸಹಿ ಹಾಕುವಾಗ ಅದೇನು ಅಂತ ಕೇಳಿದರೆ, “ಅದು ಹಾಕೋ ಪದ್ಧತಿ ಅದ” ಅಂದುಬಿಡುತ್ತಿದ್ದೆ.

ಅವತ್ತು ಬಂದವಳಿಗೆ ಇಪ್ಪತ್ತಾರು, ಇಪ್ಪತ್ತೇಳು ವಯಸ್ಸಿದ್ದೀತು. ಮಹಾದೇವಿ ಅಂತ ಇಟ್ಟುಕೊಳ್ಳೋಣ, ನಿಜವಾದ ಹೆಸರು ಬೇರೆ. ತವರು ರಾಯಚೂರಿನ ಹತ್ತಿರ, ಕೃಷ್ಣಾ ನದಿಯ ಆ ಕಡೆ. ಕೊಟ್ಟದ್ದು ಈ ಕಡೆ, ನಾರಾಯಣಪೇಟೆ ರಸ್ತೆಯ ಒಂದು ಹಳ್ಳಿಯ ನೇಕಾರರ ಮನೆಗೆ. ಗಂಡ, ಗಂಡನ ಅಣ್ಣ, ಅತ್ತೆ ಎಲ್ಲ ಒಂದೇ ಮನೆ. ಎರಡು ಮಗ್ಗ. ನಾರಾಯಣಪೇಟೆ ಸೀರೆ ನೇಯುತ್ತಾರೆ. ಗಂಡ ವಾರಕ್ಕೊಮ್ಮೆ ಸೀರೆ ತೆಗೆದುಕೊಂಡು ಹೈದರಾಬಾದಿನ ಅಂಗಡಿಗಳಿಗೆ ಹೋಗುತ್ತಾನೆ, ಬರಲು ಎರಡು ದಿನ. ಆ ಎರಡು ದಿನ ಅವನ ಮಗ್ಗದಲ್ಲಿ ಈಕೆಯೇ ಕೂರುತ್ತಾಳೆ. ಇಷ್ಟನ್ನು ಹೇಳಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು.

“ಹೇಳು ತಂಗಿ, ಏನಾಗೇದ?” ಅಂದೆ.

“ಠಾಣೆಗೆ ಕೊಡಾಕ ಬೇಕಾಗೇತ್ರಿ ಅರ್ಜಿ. ನಮ್ಮ ಭಾವನ ಮ್ಯಾಲ” ಅಂದಳು. ಆಮೇಲೆ ನನ್ನ ಮುಖ ನೋಡದೆ, ಮೇಜಿನ ಮೇಲಿದ್ದ ಅಂಟಿನ ಬಾಟಲಿಯನ್ನು ನೋಡುತ್ತ ಹೇಳಿದಳು. “ನಾ ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂತಿರ್ತೀನ್ರಿ. ಮಡಿಲ ಮುಂದ ನೇದ ಸೀರಿ ಸುತ್ತಿದ ಮರ ಇರ್ತೈತಿ. ತಟ್ಟನ ಏಳಾಕ ಬರಂಗಿಲ್ಲ. ಅದನ್ನ ನೋಡ್ಕೊಂಡ ಹಿಂದಿಂದ ಬರ್ತಾನ್ರಿ. ಕುಪ್ಪಸದಾಗ ಕೈ ಹಾಕ್ತಾನ. ಕೂಗಿದ್ರ ಬಾಯಿ ಒತ್ತಿ ಹಿಡಿತಾನ. ಹೇಳಿದ್ರ, ನೀನ ಕರದಿ ಅಂತ ನಿನ್ನ ಗಂಡಗ ಹೇಳ್ತೀನಿ ಅಂತಾನ. ನಾಕು ತಿಂಗಳಾತ್ರಿ. ಹ್ವಾದ ವಾರ ಕುಣ್ಯಾಗ ಇಳಿಯಾಕ ಬಂದಿದ್ದ. ಅತ್ತೀ ಮುಂದ ಹೇಳಿದೆ, ನಿನ್ನ ಬಾಯಿಗೆ ಹುಳ ಬೀಳ್ಲಿ ಅಂದ್ಳು.”

ನನಗೆ ಮೊದಲು ಬಂದದ್ದು ಕನಿಕರವಲ್ಲ, ಮುಜುಗರ. ಸುಳ್ಳು ಯಾಕೆ ಹೇಳಲಿ? ಏಕಾದಶಿ ದಿನ, ಹಣೆಯ ಮೇಲೆ ಅಂಗಾರ ಇಟ್ಟುಕೊಂಡು ಇಂಥ ಮಾತು ಕೇಳಬೇಕಾಯಿತಲ್ಲ ಅನ್ನಿಸಿತು. ಪಕ್ಕದಲ್ಲಿ ಜೆರಾಕ್ಸ್ ಅಂಗಡಿಯವನು ಕಿವಿ ಇತ್ತ ಕೊಟ್ಟಂತೆ ಕಂಡಿತು. “ಸಣ್ಣಗ ಮಾತಾಡು” ಅಂದೆ. ಅವಳು ಮೊದಲೇ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು.

ಬರೆಯಲು ಕೂತೆ. ಕುಣಿ, ಕುಪ್ಪಸ, ಕೈ ಇವು ಯಾವುವೂ ಪೆನ್ನಿನಿಂದ ಇಳಿಯಲಿಲ್ಲ. ಸತ್ಯವಾಗಿ ಹೇಳಬೇಕೆಂದರೆ ಇಳಿಸಲು ನೋಡಲೂ ಇಲ್ಲ. “ಪತಿಯ ಅಣ್ಣನ ನಡವಳಿಕೆ ಸರಿ ಇಲ್ಲದ ಕಾರಣ ಮನೆಯಲ್ಲಿ ಪದೇಪದೇ ಕಲಹವಾಗುತ್ತಿದ್ದು, ನನಗೆ ನೆಮ್ಮದಿ ಇಲ್ಲದಂತಾಗಿದೆ” ಅಂತ ತೆಲುಗಿನಲ್ಲಿ ನಾಲ್ಕು ಸಾಲು ಬರೆದೆ. ಕೆಳಗೆ ಆ ರಾಜಿಯ ಸಾಲು. ಅದನ್ನು ನಾನು ಬರೆದೆ ಅನ್ನುವುದಕ್ಕಿಂತ ಕೈ ತನ್ನ ರೂಢಿಗೆ ತಾನೇ ಬರೆಯಿತು ಅನ್ನಬೇಕು. ಅವಳ ಮಾನ ಉಳಿಸುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಆಗಷ್ಟೇ ಅಲ್ಲ, ಮುಂದೆಯೂ ಎಷ್ಟೋ ದಿನ.

ಬರೆದದ್ದನ್ನು ಓದಿ ಹೇಳುವುದು ನಮ್ಮ ಕೆಲಸದ ನಿಯಮ. ಅವತ್ತು ಓದಿ ಹೇಳಲಿಲ್ಲ. ಹೆಬ್ಬೆಟ್ಟಿನ ಮಸಿ ಡಬ್ಬಿಯನ್ನು ಮುಂದೆ ಸರಿಸಿದೆ.

“ಹೆಬ್ಬೆಟ್ಟು ಬ್ಯಾಡ್ರಿ. ನಾ ಏಳನೇತ್ತ ತನಕ ಓದೀನಿ. ಸೈ ಮಾಡಾಕ ಬರ್ತೈತಿ” ಅಂದಳು. ಆ ಮಾತಿನಲ್ಲಿ ಮಾತ್ರ ಅವಳ ದನಿ ಸ್ವಲ್ಪ ಎತ್ತರವಾಗಿತ್ತು. ಪೆನ್ನು ತೆಗೆದುಕೊಂಡು, ತನಗೆ ಒಂದಕ್ಷರ ಓದಲು ಬಾರದ ತೆಲುಗಿನ ಕೆಳಗೆ ದುಂಡಗೆ ಕನ್ನಡದಲ್ಲಿ ತನ್ನ ಹೆಸರು ಬರೆದಳು. ಒತ್ತಕ್ಷರದ ಬಾಲವನ್ನು ಒಂದು ಸಲ ತಿದ್ದಿದಳು. ಆಮೇಲೆ ಕೇಳಿದಳು.

“ಆಚಾರ್ರೇ, ನಾ ಹೇಳಿದ್ದೆಲ್ಲ ಬರದೀರಿ?”

“ಎಲ್ಲ ಬರದೀನಿ ತಂಗಿ. ನಡಿ” ಅಂದೆ.

ಯಾವ ಠಾಣೆ ಅಂತ ನಾನು ಬರೆಯುವುದಿಲ್ಲ. ಆ ಎಸ್ಸೈ ಬೇರೆ ಜಿಲ್ಲೆಯವರು, ಚಿಕ್ಕ ವಯಸ್ಸು, ಕನ್ನಡದ ಗಂಧ ಇಲ್ಲ. ಮಹಾದೇವಿಗೆ ಬರುವ ತೆಲುಗು ಸಂತೆಯ ತೆಲುಗು, ಬದನೆಕಾಯಿ ಕೊಳ್ಳಲು ಸಾಕಾಗುವಷ್ಟು. ನಡುವೆ ನಾನು. ಎಸ್ಸೈ ನನಗೆ ಕುರ್ಚಿ ಹಾಕಿಸಿದರು. ಅವಳು ನಿಂತೇ ಇದ್ದಳು. ನಾನು ಕೂತದ್ದೂ ಅವಳು ನಿಂತದ್ದೂ ಅವತ್ತು ನನಗೆ ಸಹಜವಾಗಿಯೇ ಕಂಡಿತು.

ಅವರು ಅರ್ಜಿ ಓದಿ, “ಮನೆ ಜಗಳ” ಅಂದರು. ಆಗ ಬಾಗಿಲ ಹತ್ತಿರ ನಿಂತಿದ್ದ ಹೆಣ್ಣು ಕಾನ್‌ಸ್ಟೇಬಲ್ ಮುಂದೆ ಬಂದಳು. ಲಲಿತಾ ಅಂತ ಅಂದುಕೊಳ್ಳಿ. ಲಂಬಾಣಿ ತಾಂಡಾದ ಹುಡುಗಿ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಅವಳು ಮಹಾದೇವಿಯ ಕೈಗಳನ್ನೇ ನೋಡುತ್ತಿದ್ದಳು. ಸೆರಗಿನ ತುದಿ ಇನ್ನೂ ಬೆರಳಿಗೆ ಸುತ್ತುತ್ತಿತ್ತು, ಬಿಚ್ಚುತ್ತಿತ್ತು. “ಸಾರ್, ನಾನು ಈಕೆಯನ್ನು ಆ ಕಡೆ ಕೋಣೆಗೆ ಕರೆದುಕೊಂಡು ಹೋಗಿ ಹತ್ತು ನಿಮಿಷ ಮಾತಾಡುತ್ತೇನೆ. ನನಗೆ ಸ್ವಲ್ಪ ಸ್ವಲ್ಪ ಕನ್ನಡ ಬರುತ್ತದೆ” ಅಂದಳು.

ಎಸ್ಸೈ ನನ್ನ ಮುಖ ನೋಡಿದರು. ಆ ಹೊತ್ತಿನಲ್ಲಿ ನಾನು ಒಂದು ಮಾತೂ ಆಡದೆ ಸುಮ್ಮನಿದ್ದಿದ್ದರೂ ಸಾಕಿತ್ತು. ಅವಳು ಒಳಗೆ ಕರೆದುಕೊಂಡು ಹೋಗುತ್ತಿದ್ದಳು, ಎಲ್ಲ ಹೊರಗೆ ಬರುತ್ತಿತ್ತು. ಆದರೆ ನಾನು ನಕ್ಕು, “ಅರ್ಜಿಯಲ್ಲಿ ಎಲ್ಲ ಇದೆ ಸಾರ್. ಮರ್ಯಾದಸ್ಥರ ಮನೆ ವಿಷಯ. ಈ ಹುಡುಗಿಗೆ ಏನು ತಿಳಿಯುತ್ತದೆ? ಒಂದಕ್ಕೆ ನಾಲ್ಕಾಗುತ್ತದೆ” ಅಂದೆ.

ಯಾಕೆ ಅಂದೆ? ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನಾನು ಬರೆಯದೆ ಬಿಟ್ಟದ್ದು ಹೊರಬೀಳುತ್ತದೆ ಅನ್ನುವ ಅಳುಕು ಒಂದಿಷ್ಟು ಇತ್ತು. ಅದಕ್ಕಿಂತ ಹೆಚ್ಚಾಗಿ, ತಾಂಡಾದ ಹುಡುಗಿ, ಅದೂ ಹೆಣ್ಣು, ಖಾಕಿ ಹಾಕಿದ ಮಾತ್ರಕ್ಕೆ ಇಂಥ ಮನೆಯ ಗುಟ್ಟು ಇವಳ ಕೈಗೆ ಕೊಡುವುದೇ ಅನ್ನುವ ತಾತ್ಸಾರ. ಅವಳ ಜಾಗದಲ್ಲಿ ಗಂಡಸೊಬ್ಬ, ನಮಗೆ ಗೊತ್ತಿರುವ ಮನೆಯವನು ನಿಂತಿದ್ದರೆ ನಾನು ಹಾಗೆ ಅಡ್ಡಬಾಯಿ ಹಾಕುತ್ತಿರಲಿಲ್ಲ. ಲಲಿತಾ ಹಿಂದಕ್ಕೆ ಸರಿದು ಮೊದಲಿದ್ದ ಜಾಗದಲ್ಲೇ ನಿಂತಳು.

ಮಧ್ಯಾಹ್ನಕ್ಕೆ ಆ ಮನೆಯವರನ್ನು ಕರೆಸಿದರು. ಗಂಡ ಹೈದರಾಬಾದಿಗೆ ಹೋಗಿದ್ದ; ಭಾವ ಇಬ್ಬರು ಹಿರಿಯರ ಜೊತೆ ಬಂದ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಬಂದವನೇ ಮೊದಲು ನನ್ನ ಕಾಲಿಗೆ ಬಿದ್ದ. ಅಭ್ಯಾಸಬಲ, ನನ್ನ ಕೈ ಮೇಲೆದ್ದು ಹರಸಿತು. ಮಹಾದೇವಿ ಅದನ್ನು ನೋಡಿದಳು. ಅವನು ಎಸ್ಸೈ ಹತ್ತಿರ ತೆಲುಗಿನಲ್ಲಿ, “ನದಿ ಆಚೆಯವಳು ಸಾರ್, ಕರ್ನಾಟಕದವಳು. ನಮ್ಮ ಪದ್ಧತಿ, ನಮ್ಮ ಮಾತು ಒಗ್ಗುತ್ತಿಲ್ಲ. ಸಣ್ಣದಕ್ಕೂ ದೊಡ್ಡದು ಮಾಡುತ್ತಾಳೆ” ಅಂದ. ಎಸ್ಸೈ ತಲೆ ಆಡಿಸಿದರು. ಅರ್ಜಿಯ ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಿ, “ಆಕೆಯೇ ರಾಜಿಗೆ ತಯಾರಿದ್ದಾಳಲ್ಲ” ಅಂದರು. ಇನ್ನು ಮುಂದೆ ಜಗಳವಾಡುವುದಿಲ್ಲ ಅಂತ ಅವಳಿಂದಲೂ ಭಾವನಿಂದಲೂ ಮುಚ್ಚಳಿಕೆ ಬರೆಸಿಕೊಂಡರು. ಅದನ್ನು ಬರೆದವನೂ ನಾನೇ.

ಹೊರಡುವಾಗ ಅವಳು ನನ್ನನ್ನು ನೋಡಿದಳು. “ಮತ್ತ ಅಲ್ಲಿಗೇ ಹೋಗಬೇಕೇನ್ರಿ?” ಅಂದಳು.

“ಠಾಣೆಯಾಗ ಬರಕೊಟ್ಟಾನಲ್ಲ ತಂಗಿ. ಇನ್ನ ಹೆದರಿ ಇರ್ತಾನ” ಅಂದೆ. ಮನೆಗೆ ಬಂದು ಕೈಕಾಲು ತೊಳೆದು ಜಪಕ್ಕೆ ಕೂತೆ. ಒಂದು ಸಂಸಾರ ಉಳಿಸಿದೆ ಅಂತ ಹೆಂಡತಿಗೆ ಹೇಳಿದ್ದು ಬೇರೆ.

ಇಪ್ಪತ್ತು ದಿನ ಕಳೆದಿರಬೇಕು. ಮರದ ಕೆಳಗೆ ಪಿಂಚಣಿ ಅರ್ಜಿಯೊಂದನ್ನು ಬರೆಯುತ್ತಿದ್ದೆ. ಮುಂದೆ ಯಾರೋ ಬಂದು ನಿಂತರು. ಖಾಕಿ ಕಂಡು ತಲೆ ಎತ್ತಿದೆ. ಲಲಿತಾ. ಕೈಯಲ್ಲಿ ಒಂದು ಜೆರಾಕ್ಸ್ ಕಾಗದ, ನನ್ನದೇ ಅರ್ಜಿ.

“ಅಯ್ಯಗಾರೂ, ಇದು ನೀವು ಬರೆದದ್ದಲ್ಲರೀ?” ಅಂದಳು. ತೆಲುಗು, ಕನ್ನಡ ಬೆರೆತ ಮಾತು ಅವಳದು.

“ಹೌದಮ್ಮಾ. ಯಾಕ?”

ಕೂರಿ ಅಂದರೂ ಕೂರಲಿಲ್ಲ. ನಿಂತೇ ಹೇಳಿದಳು. ಗಂಡ ಊರಲ್ಲಿಲ್ಲದ ದಿನ ಭಾವ ಮತ್ತೆ ಬಂದಿದ್ದ. ಈ ಸಲ ಮಹಾದೇವಿ ಕುಣಿಯಿಂದ ಏಳಲು ನೋಡಿದ್ದಾಳೆ. ಬಲಗೈಯನ್ನು ಮಗ್ಗದ ಮರದ ಮೇಲೆ ಊರಿ ಮೇಲೆ ಬರುವಾಗ ಅವನು ಹಿಂದಕ್ಕೆ ತಳ್ಳಿದ್ದಾನೆ. ಕೈ ಮರಗಳ ನಡುವೆ ಸಿಕ್ಕಿತು, ಮೈಯ ಭಾರ ಪೂರ್ತಿ ಅದರ ಮೇಲೆ ಬಿತ್ತು. ಮಣಿಕಟ್ಟು ಎರಡು ಕಡೆ ಮುರಿಯಿತು. ಕೂಗು ಕೇಳಿ ಪಕ್ಕದ ಮನೆಯವರು ಓಡಿ ಬಂದದ್ದರಿಂದ ಉಳಿದದ್ದು ಉಳಿಯಿತು. ಈಗ ಆಸ್ಪತ್ರೆಯಲ್ಲಿದ್ದಾಳೆ. ಹೇಳಿಕೆ ತೆಗೆದುಕೊಳ್ಳಲು ಲಲಿತಾಳನ್ನು ಕಳಿಸಿದ್ದರು. ಇಬ್ಬರೇ ಕೂತು, ಅರ್ಧ ಕನ್ನಡ ಅರ್ಧ ಕೈಸನ್ನೆಯಲ್ಲಿ ಎರಡು ಗಂಟೆ ಮಾತಾಡಿದ್ದಾರೆ.

“ಆಕೆ ಮೊದಲು ಏನ್ ಕೇಳಿದ್ಲು ಗೊತ್ತಾ ಅಯ್ಯಗಾರೂ?” ಅಂದಳು ಲಲಿತಾ. “ಎಲ್ಲ ಬರದು ಕೊಟ್ಟಿದ್ದೆನಲ್ಲ, ಎಲ್ಲ ಓದಿದ ಮ್ಯಾಲೂ ನನ್ನ ಅಲ್ಲಿಗೇ ಯಾಕ ಕಳಿಸಿದ್ರಿ ಅಂದ್ಲು. ನಮಗ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಕಳಿಸಿದೀವಿ ಅಂದ್ಕೊಂಡಾಳ. ನಡುವ ಒಂದು ಸಲ ಅವ ಮತ್ತ ಕೈ ಹಾಕಿದಾಗ ಠಾಣೆಗೆ ಬರಾಕ ಬಸ್ ಸ್ಟಾಂಡ್ ತನಕ ಬಂದಿದ್ಲಂತ. ಹೋಗಿ ಏನ್ ಉಪಯೋಗ, ಪೊಲೀಸ್ರೂ ಅವನ ಕಡೀನ ಅದಾರ ಅಂತ ವಾಪಸ್ ಹೋದ್ಲಂತ.”

ಏನಾದರೂ ಹೇಳಬೇಕಲ್ಲ ಅಂತ, “ಅವಳ ಮರ್ಯಾದೆ ನೋಡಿ ಹಾಗೆ ಬರೆದೆ ಅಮ್ಮಾ” ಅಂದೆ.

“ನೀವು ಬರೀಲಿಲ್ಲ ಅನ್ನೋದನ್ನ ನಾನು ಆಕೆಗೆ ಹೇಳಿಲ್ಲ. ನೀವೇ ಹೇಳ್ರಿ” ಅಂದು ಆ ಕಾಗದವನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಬಯ್ದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಬಯ್ಯಲಿಲ್ಲ. ಪಿಂಚಣಿಯ ಮುದುಕ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಅರ್ಜಿಯನ್ನು ಆ ದಿನ ಮುಗಿಸಲು ಆಗಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದೆ. ಹೆಂಡತಿಯೂ ಜೊತೆಗೆ ಬಂದಿದ್ದಳು. ಅವಳಿಗೆ ಆ ಹೊತ್ತಿಗೆ ಎಲ್ಲ ಹೇಳಿದ್ದೆ. ಎಲ್ಲ ಕೇಳಿ ಅವಳು ಹೇಳಿದ್ದು ಒಂದೇ ಮಾತು: “ನಿಮ್ಮ ಮುಂದ ಅಷ್ಟು ಹೇಳಲಿಕ್ಕೆ ಆ ಹುಡುಗಿ ಎಷ್ಟು ಸಲ ಸತ್ತು ಹುಟ್ಟಿರಬೇಕು. ನಿಮಗ ಬರೀಲಿಕ್ಕೆ ನಾಚಿಕಿ ಬಂತೇನು?” ವಾರ್ಡಿನ ಬಾಗಿಲ ತನಕ ಹೋದೆ. ಮಹಾದೇವಿ ಬಲಗೈಗೆ ಮೊಣಕೈ ತನಕ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಗಂಡ ತಲೆಯ ಹತ್ತಿರ ಸ್ಟೂಲಿನ ಮೇಲೆ ಕೂತು ಗ್ಲಾಸಿನಲ್ಲಿ ಏನೋ ಕುಡಿಸುತ್ತಿದ್ದ. ಅವನು ಅವಳ ಜೊತೆಗೇ ನಿಂತ, ಅದೊಂದು ಪುಣ್ಯ. ನನಗೆ ಒಳಗೆ ಹೋಗಲು ಧೈರ್ಯವಾಗಲಿಲ್ಲ. ಹೆಂಡತಿಯ ಕೈಯಲ್ಲಿ ಹಣ್ಣು ಕಳಿಸಿ ಹೊರಗಿನ ಬೆಂಚಿನ ಮೇಲೆ ಕೂತೆ. ಹೇಳಬೇಕಾದದ್ದು ಅವತ್ತೂ ಹೇಳಲಿಲ್ಲ.

ಈ ಸಲ ಕೇಸು ಸರಿಯಾಗಿಯೇ ದಾಖಲಾಯಿತು. ಭಾವನನ್ನು ಹಿಡಿದರು, ಕೆಲವು ವಾರಗಳ ಮೇಲೆ ಜಾಮೀನಿನ ಮೇಲೆ ಹೊರಗೆ ಬಂದ. ಕೋರ್ಟಿನಲ್ಲಿ ಕೇಸು ನಡೆಯಲು ಶುರುವಾದದ್ದು ಒಂದು ವರ್ಷದ ಮೇಲೆ. ಅವನ ಕಡೆಯ ವಕೀಲರು ಮೊದಲನೇ ದಿನವೇ ನನ್ನ ಅರ್ಜಿಯನ್ನು ಮೇಲೆತ್ತಿ ಹಿಡಿದರಂತೆ. ಮೊದಲನೇ ದೂರಿನಲ್ಲಿ ಈ ಆಪಾದನೆಯ ಸುಳಿವೇ ಇಲ್ಲ, ಬರೀ ಮನೆ ಜಗಳ ಅಂತಿದೆ, ರಾಜಿಗೆ ಸಿದ್ಧ ಅಂತ ಆಕೆಯೇ ಸಹಿ ಹಾಕಿದ್ದಾಳೆ, ಇದೆಲ್ಲ ಆಮೇಲೆ ಕಟ್ಟಿದ ಕಥೆ, ಕೈ ಮುರಿದದ್ದು ತಾನೇ ಬಿದ್ದು ಅಂತ. ನಾನು ಅಷ್ಟು ನಯವಾಗಿ ಬರೆದ ನಾಲ್ಕು ಸಾಲು ಅವಳ ಮೇಲೆಯೇ ತಿರುಗಿತ್ತು.

ಲಲಿತಾ ಮತ್ತೆ ಮರದ ಕೆಳಗೆ ಬಂದಳು. “ಸಾಕ್ಷಿ ಹೇಳ್ತೀರಾ ಅಯ್ಯಗಾರೂ? ಅವತ್ತು ಆಕೆ ನಿಮ್ಮ ಹತ್ರ ಏನ್ ಹೇಳಿದ್ಲು ಅನ್ನೋದು ನಿಮಗ ಮಾತ್ರ ಗೊತ್ತು.”

ಹೇಳುತ್ತೇನೆ ಅಂತ ತಟ್ಟನೆ ಬಾಯಿಂದ ಬರಲಿಲ್ಲ. ಅಣ್ಣ ಬೇಡ ಅಂದ. ದೇವಸ್ಥಾನದ ಮನೆತನದವನು ಕಟಕಟೆಯಲ್ಲಿ ನಿಂತು ಅಂಥ ಮಾತು ಆಡುತ್ತೀಯಾ, ನಲವತ್ತು ವರ್ಷ ಗಳಿಸಿದ ಹೆಸರು ಹಾಳಾಗುತ್ತದೆ, ನಾಳೆಯಿಂದ ನಿನ್ನ ಹತ್ತಿರ ಯಾರು ಅರ್ಜಿ ಬರೆಸುತ್ತಾರೆ ಅಂದ. ಎರಡು ದಿನ ನಾನೂ ಹಾಗೇ ಯೋಚಿಸಿದೆ. ಮೂರನೇ ದಿನ ಲಲಿತಾಳಿಗೆ ಫೋನ್ ಮಾಡಿ ಬರುತ್ತೇನೆ ಅಂದೆ. ಆ ಎರಡು ದಿನಗಳಿಗೂ ನನಗೆ ಈಗ ನಾಚಿಕೆಯಾಗುತ್ತದೆ.

ಬಾಗಿಲು ಹಾಕಿಕೊಂಡು ವಿಚಾರಣೆ ಮಾಡಿದರು. ಒಳಗೆ ಜಡ್ಜ್, ವಕೀಲರು, ಕೆಲವು ಸಿಬ್ಬಂದಿ, ಒಂದು ಮೂಲೆಯಲ್ಲಿ ಮಹಾದೇವಿ, ಅವಳ ಪಕ್ಕದಲ್ಲಿ, ತೆಲುಗು ಮಾತನ್ನು ಕಿವಿಯಲ್ಲಿ ಕನ್ನಡ ಮಾಡಿ ಹೇಳಲು, ಲಲಿತಾ. ವಕೀಲರು ಅರ್ಜಿ ತೋರಿಸಿ, ಕೈಬರಹ ನಿಮ್ಮದೇ ಅಂತ ಕೇಳಿದರು. ಹೌದು ಅಂದೆ.

“ಆಕೆ ಈಗ ಹೇಳುತ್ತಿರುವ ಮಾತು ಇದರಲ್ಲಿ ಎಲ್ಲಿದೆ?”

“ಇಲ್ಲ.”

“ಅಂದರೆ ಆಕೆ ಅವತ್ತು ಹೇಳಿರಲಿಲ್ಲ.”

“ಹೇಳಿದಳು. ನಾನು ಬರೆಯಲಿಲ್ಲ.”

“ಯಾಕೆ?”

“ನಾಚಿಕೆಯಾಯಿತು.”

“ಆಕೆಗಾ?”

“ಅಲ್ಲ. ನನಗೆ.”

ಏನು ಹೇಳಿದಳು ಅಂತ ಜಡ್ಜ್ ಕೇಳಿದರು. ಹೇಳಿದೆ. ಕುಣಿಯಲ್ಲಿ ಕೂತಾಗ ಏಳಲು ಬರುವುದಿಲ್ಲ ಅನ್ನುವುದರಿಂದ ಹಿಡಿದು ಅತ್ತೆ ಅಂದ ಮಾತಿನ ತನಕ, ಅವಳು ಹೇಳಿದ ಕ್ರಮದಲ್ಲೇ, ತೆಲುಗಿನಲ್ಲಿ. ಇಷ್ಟು ದಿನ ಮರೆಯಲು ನೋಡಿದ್ದೆ, ಒಂದಕ್ಷರವೂ ಮರೆತಿರಲಿಲ್ಲ. ವಕೀಲರು ಬಿಡಲಿಲ್ಲ. “ಅಂದರೆ ಹೇಳಿದ್ದನ್ನು ಬರೆಯುವುದಿಲ್ಲ, ಹೇಳದ್ದನ್ನು ಬರೆಯುತ್ತೀರಿ. ಇಂಥವರ ಮಾತನ್ನು ಕೋರ್ಟು ಈಗ ಹೇಗೆ ನಂಬಬೇಕು?” ಅಂದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನಾನು ಆಡಿದ ನಿಜಕ್ಕೂ ಬೆಲೆ ಇರದ ಹಾಗೆ ನಾನೇ ಮಾಡಿಕೊಂಡಿದ್ದೆ.

ಎಲ್ಲ ಮುಗಿದ ಮೇಲೆ ಹೊರಗೆ ಬಂದಾಗ ವರಾಂಡದಲ್ಲಿ ಮಹಾದೇವಿ ತನ್ನ ಹೇಳಿಕೆಯ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತುತ್ತಿದ್ದಳು. ಪ್ಲಾಸ್ಟರ್ ತೆಗೆದು ಎಷ್ಟೋ ತಿಂಗಳಾಗಿತ್ತು. ಮೂಳೆ ಕೂಡಿತ್ತು, ಆದರೆ ಸೊಟ್ಟಗೆ. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಆ ಕೈಗೆ ಲಾಳಿ ಎಸೆಯಲೂ ಬರುವುದಿಲ್ಲ, ಪೆನ್ನು ಹಿಡಿಯಲೂ ಬರುವುದಿಲ್ಲ ಅಂತ ಲಲಿತಾ ಆಮೇಲೆ ಹೇಳಿದಳು. ಅವತ್ತು ನನ್ನ ಮೇಜಿನ ಮೇಲೆ ದುಂಡಗೆ ಹೆಸರು ಬರೆದ ಕೈ ಅದು.

ಅವಳ ಮುಂದೆ ಹೋಗಿ ನಿಂತೆ. “ತಪ್ಪಾತು ತಂಗಿ. ನೀ ಹೇಳಿದ್ದು ನಾ ಅವತ್ತು ಏನೂ ಬರದಿರಲಿಲ್ಲ” ಅಂದೆ.

ಅವಳು ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದಳು. “ಈಗ ಒಳಗ ಗೊತ್ತಾತ್ರಿ. ಇಷ್ಟು ದಿನ ಈ ಅಕ್ಕನ ಮ್ಯಾಲ, ಠಾಣೆಯವರ ಮ್ಯಾಲ ಸಿಟ್ಟು ಇಟ್ಕೊಂಡಿದ್ನಲ್ರಿ.” ಲಲಿತಾಳ ಕಡೆ ನೋಡಿದಳು. ಆಮೇಲೆ ನನ್ನ ಕಡೆ. “ನಿಮಗ ಬರಿಯಾಕ ಆಗಂಗಿಲ್ಲ ಅಂತ ಒಂದು ಮಾತು ಹೇಳಿದ್ರ ಸಾಕಿತ್ರಿ. ಬ್ಯಾರೆಯವರ ಹತ್ರ ಹೋಗ್ತಿದ್ದೆ.”

ಅಷ್ಟೇ. ಕಾಗದವನ್ನು ಲಲಿತಾಳ ಕೈಗೆ ಕೊಟ್ಟು ಮೆಟ್ಟಿಲು ಇಳಿದಳು.

ಕೇಸಿನ ತೀರ್ಪು ಇನ್ನೂ ಬಂದಿಲ್ಲ. ಗಂಡ ಹೆಂಡತಿ ಆ ಮನೆ ಬಿಟ್ಟು ಗದ್ವಾಲ್ ಕಡೆ, ರಾಜೋಳಿಯಲ್ಲಿ ಅವನ ಸೋದರಮಾವನ ಹತ್ತಿರ ಹೋಗಿ ಮಗ್ಗ ಹಾಕಿಕೊಂಡಿದ್ದಾರೆ. ನಾನು ಈಗಲೂ ಬೇವಿನ ಮರದ ಕೆಳಗೆ ಕೂರುತ್ತೇನೆ. ಬರುವವರು ಕಡಿಮೆಯಾಗಿದ್ದಾರೆ. ಬಂದವರಿಗೆ ಬರೆದದ್ದನ್ನು ಎರಡು ಸಲ ಓದಿ ಹೇಳುತ್ತೇನೆ. ನಮ್ಮ ತಂದೆಯ ಆ ಕೊನೆಯ ಸಾಲನ್ನು ಬಿಟ್ಟಿದ್ದೇನೆ. ಹೆಣ್ಣುಮಕ್ಕಳು ಬಂದು ಸೆರಗಿನ ತುದಿ ಬೆರಳಿಗೆ ಸುತ್ತತೊಡಗಿದರೆ ಪೆನ್ನು ಕೆಳಗಿಟ್ಟು ಲಲಿತಾಳಿಗೆ ಫೋನ್ ಮಾಡುತ್ತೇನೆ. ಅವಳು ಬರುತ್ತಾಳೆ, ಇಲ್ಲವೇ ಬೇರೆ ಯಾರನ್ನಾದರೂ ಕಳಿಸುತ್ತಾಳೆ. ನಾನು ಎದ್ದು ಚಹಾ ಅಂಗಡಿ ಕಡೆ ಹೋಗಿಬಿಡುತ್ತೇನೆ. ಇದರಿಂದ ಮಹಾದೇವಿಯ ಕೈ ಸರಿಹೋಗುವುದಿಲ್ಲ, ಗೊತ್ತಿದೆ.

ಹೋದ ತಿಂಗಳು ಮಂತ್ರಾಲಯಕ್ಕೆ ಹೋದವನು ಬರುವಾಗ ರಾಜೋಳಿಗೆ ಹೋಗಿದ್ದೆ. ಈ ಪತ್ರಿಕೆಗೆ ಇದನ್ನು ಬರೆಯಲೇ ಅಂತ ಅವಳನ್ನು ಕೇಳದೆ ಬರೆಯುವ ಹಾಗಿರಲಿಲ್ಲ. ಗಂಡ ಮಗ್ಗದ ಕುಣಿಯಲ್ಲಿ ಕೂತು ನೇಯುತ್ತಿದ್ದ. ಅವಳು ಬಾಗಿಲ ಬೆಳಕಿನಲ್ಲಿ ಕೂತು ಎಡಗೈಯಿಂದ ರಾಟೆ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನೂಲು ಹಿಡಿಯಬೇಕಾದ ಬಲಗೈ ನಡುನಡುವೆ ಸೋಲುತ್ತಿತ್ತು, ಎಳೆ ಜಾರುತ್ತಿತ್ತು, ಮತ್ತೆ ಹುಡುಕಿ ಹಿಡಿಯುತ್ತಿದ್ದಳು. ನನಗೆ ನೀರು ಕೊಟ್ಟಳು. ವಿಷಯ ಹೇಳಿದೆ.

“ಕನ್ನಡದಾಗ ಬರಿತೀರಿ?” ಅಂತ ಕೇಳಿದಳು.

“ಹೌದು.”

“ಹಂಗಾದ್ರ ನಾನೂ ಓದ್ತೀನಿ” ಅಂದಳು. ರಾಟೆ ನಿಲ್ಲಿಸಿ ಜಾರಿದ ಎಳೆಯನ್ನು ಹುಡುಕಿ, ಬಾಯಲ್ಲಿ ಒದ್ದೆ ಮಾಡಿ ಮತ್ತೆ ಸುತ್ತಿದಳು. “ಬರೀರಿ. ಈ ಸಲರ ಎಲ್ಲ ಬರೀರಿ.”

ಎಲ್ಲ ಬರೆದಿದ್ದೇನೆ ತಂಗಿ. ಓದಿ ನೋಡು.